ವಿದ್ವತ್ತಿಗೆ ಅಳತೆಗೋಲುಂಟೆ?

(ಅಂತಿಮ ಬಿ. ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಲೋಕದಲ್ಲಿ ಯಾರೂ ತಾನೊಬ್ಬನೇ ನಿಂತು ವಿದ್ವಾಂಸನಾಗಲಾರನು. ಉಳುವವನು ತನ್ನ ಹಿರಿಯರು ಕಳ್ಳಿ ಕಡಿದು, ಕಲ್ಲು ಆಯ್ದು ಹಸನುಮಾಡಿದ ನೆಲದಲ್ಲಿ ನೇಗಿಲು ಹೂಡುವಂತೆ, ಶಾಸ್ತ್ರವನ್ನು ಬರೆಯುವವನೂ ಹಿಂದಿನವರು ಬರೆದಿಟ್ಟುದರ ಮೇಲೆ ನಿಂತೇ ಬರೆಯುತ್ತಾನೆ. ಇದನ್ನು ನಮ್ಮ ಪೂರ್ವಿಕರು ಋಷಿಋಣವೆಂದು ಕರೆದರು. ಗ್ರಂಥದ ಪುಟದ ಕೆಳಗೆ ಸಣ್ಣಕ್ಷರಗಳಲ್ಲಿ ಅಚ್ಚಾಗಿರುವ ಅಡಿಟಿಪ್ಪಣಿಯು ಈ ಋಣದ ಪತ್ರವೇ ಹೊರತು ಬೇರೆಯಲ್ಲ. ಪರೀಕ್ಷೆಗೆಂದು ಓದುವ ನಮ್ಮಂಥವರು ಸಾಮಾನ್ಯವಾಗಿ ಅದನ್ನು ಬಿಟ್ಟು ಮುಂದಕ್ಕೆ ಹೋಗುವುದುಂಟು. ಆದರೆ ಆ ಸಣ್ಣಕ್ಷರಗಳನ್ನೇ ಎಣಿಸಿ, ತೂಗಿ, ಒಂದು ಶಾಸ್ತ್ರವನ್ನೇ ಕಟ್ಟಿದವರಿದ್ದಾರೆ. ಅದರ ಸ್ಥೂಲ ಪರಿಚಯವನ್ನು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಉಲ್ಲೇಖವೊಂದರ ಬೆಲೆಯೇನೆಂಬುದಕ್ಕೆ ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ಸುಮಾರು ಕ್ರಿ. ಶ. ೮೫೦ರಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ತನಗಿಂತ ಹಿಂದಿನವರಾದ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನೂ, ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳು ಇಂದು ನಮಗೆ ದೊರೆತಿಲ್ಲ; ದೊರೆತಿರುವುದು ಆ ಉಲ್ಲೇಖ ಮಾತ್ರ. ಓಲೆಗರಿ ಅಳಿದರೂ ಹೆಸರು ಉಳಿಯಿತು. ಇನ್ನು ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ ಎಂದು ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. ಹೀಗೆ ಒಂದೇ ಗ್ರಂಥದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಬರೆದವರಾರು? ಬರೆಯುವಾಗ ಯಾರನ್ನು ನೆನೆದರು? ಮೊದಲನೆಯದು ಕರ್ತೃತ್ವದ ಪ್ರಶ್ನೆ, ಎರಡನೆಯದು ಉಲ್ಲೇಖದ ಪ್ರಶ್ನೆ. ಇಪ್ಪತ್ತನೆಯ ಶತಮಾನದ ವಿದ್ವಾಂಸರು ಈ ಎರಡನ್ನೂ ಲೆಕ್ಕಕ್ಕೆ ಅಳವಡಿಸಿದರು.

ಕರ್ತೃಗಳ ಗಣನೆ

ಮೊದಲಿಗೆ ಕರ್ತೃಗಳ ವಿಷಯವನ್ನು ನೋಡೋಣ. ನ್ಯೂಯಾರ್ಕಿನ ಜೀವವಿಮಾ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದ ಆಲ್ಫ್ರೆಡ್ ಲೋಟ್ಕಾ ಎಂಬ ಗಣಿತಜ್ಞರು ೧೯೨೬ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ರಸಾಯನಶಾಸ್ತ್ರದ ಸಂಶೋಧನೆಗಳ ಸಾರಾಂಶವನ್ನು ಕೊಡುವ 'ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್' ಪತ್ರಿಕೆಯ ೧೯೦೭ರಿಂದ ೧೯೧೬ರವರೆಗಿನ ಹತ್ತು ವರ್ಷಗಳ ಸೂಚಿಯನ್ನು ಅವರು ಮುಂದಿಟ್ಟುಕೊಂಡು, 'ಎ' ಮತ್ತು 'ಬಿ' ಅಕ್ಷರಗಳಿಂದ ಆರಂಭವಾಗುವ ಹೆಸರುಗಳನ್ನು ಎಣಿಸಿದರು. ಒಟ್ಟು ೬,೮೯೧ ಲೇಖಕರು ಸಿಕ್ಕಿದರು. ಇವರಲ್ಲಿ ೩,೯೯೧ ಮಂದಿ ಒಂದೊಂದೇ ಲೇಖನವನ್ನು ಬರೆದವರು. ೧,೦೫೯ ಮಂದಿ ಎರಡೆರಡನ್ನು ಬರೆದವರು. ೪೯೩ ಮಂದಿ ಮೂರು ಮೂರನ್ನು ಬರೆದವರು. ಸಂಖ್ಯೆ ಏರಿದಂತೆಲ್ಲ ಜನ ಇಳಿಯುತ್ತ ಹೋದರು.

ಇಳಿದುದು ಹೇಗೆಂದರೆ ಹಾಗಲ್ಲ, ಒಂದು ಕ್ರಮದಲ್ಲಿ. ಒಂದು ಲೇಖನವನ್ನು ಬರೆದವರು ೧೦೦ ಮಂದಿಯಿದ್ದರೆ, ಎರಡನ್ನು ಬರೆದವರು ೧೦೦ನ್ನು ೨ರ ವರ್ಗವಾದ ೪ರಿಂದ ಭಾಗಿಸಿದಷ್ಟು, ಎಂದರೆ ೨೫. ಮೂರನ್ನು ಬರೆದವರು ೯ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ೧೧. ನಾಲ್ಕನ್ನು ಬರೆದವರು ೧೬ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ೬. ಇದಕ್ಕೆ ಲೋಟ್ಕಾ ನಿಯಮವೆಂದು ಹೆಸರಾಯಿತು. ವಿದ್ಯೆಯ ಹಳ್ಳವು ಹನಿಗೂಡಿಯೇ ಹರಿಯುತ್ತದೆ, ಆದರೆ ಹೆಚ್ಚಿನ ಹನಿಗಳು ಒಂದೊಂದು ಸಲ ಮಾತ್ರ ಬಿದ್ದವು ಎಂಬುದೇ ಅದರ ತಾತ್ಪರ್ಯ.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸಂಗತಿಯುಂಟು. ಹಲವರು ಕೂಡಿ ಬರೆದ ಲೇಖನವನ್ನು ಲೋಟ್ಕಾ ಅವರು ಪ್ರಧಾನ ಲೇಖಕನೊಬ್ಬನ ಲೆಕ್ಕಕ್ಕೆ ಮಾತ್ರ ಹಿಡಿದರು. ಕೂಡಿ ದುಡಿದ ಉಳಿದವರು ಆ ಎಣಿಕೆಯಲ್ಲಿ ಇಲ್ಲವೇ ಇಲ್ಲ. ಎಣಿಸುವ ಕ್ರಮವನ್ನು ಆರಿಸುವಾಗಲೇ ಯಾರು ಲೆಕ್ಕಕ್ಕುಂಟು, ಯಾರು ಇಲ್ಲ ಎಂಬ ತೀರ್ಪು ಆಗಿಹೋಗಿರುತ್ತದೆ. ಈ ಮಾತನ್ನು ಮುಂದೆ ಮತ್ತೆ ನೋಡೋಣ.

ಗ್ರಂಥಾಲಯದ ಬಡತನದಿಂದ ಹುಟ್ಟಿದ ಲೆಕ್ಕ

ಉಲ್ಲೇಖಗಳ ಎಣಿಕೆ ಹುಟ್ಟಿದ್ದು ಯಾರನ್ನೂ ಅಳೆಯುವುದಕ್ಕಲ್ಲ; ಪುಸ್ತಕ ಕೊಳ್ಳುವ ಹಣ ಸಾಲದುದಕ್ಕೆ. ಅಮೆರಿಕದ ಪೊಮೊನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬ ಇಬ್ಬರು ೧೯೨೭ರಲ್ಲಿ ಒಂದು ಪ್ರಶ್ನೆಯನ್ನು ಎತ್ತಿದರು. ಸಣ್ಣ ಕಾಲೇಜೊಂದು ರಸಾಯನಶಾಸ್ತ್ರದ ಯಾವ ಪತ್ರಿಕೆಗಳನ್ನು ತರಿಸಬೇಕು? ಎಲ್ಲವನ್ನೂ ತರಿಸಲು ಹಣವಿಲ್ಲ. ಅಧ್ಯಾಪಕರ ಅಭಿರುಚಿಗೆ ಬಿಟ್ಟರೆ ಒಬ್ಬೊಬ್ಬರದು ಒಂದೊಂದು ಪಟ್ಟಿ. ಆದುದರಿಂದ ಅವರು ಅಮೆರಿಕದ ರಸಾಯನ ಸಂಘದ ಪತ್ರಿಕೆಯ ೧೯೨೬ರ ಸಂಪುಟವನ್ನು ತೆಗೆದುಕೊಂಡು, ಅದರ ಲೇಖನಗಳು ಯಾವ ಯಾವ ಪತ್ರಿಕೆಗಳನ್ನು ಎಷ್ಟೆಷ್ಟು ಸಲ ಉಲ್ಲೇಖಿಸಿವೆಯೆಂದು ಎಣಿಸಿದರು. ೩,೬೩೩ ಉಲ್ಲೇಖಗಳು ಸಿಕ್ಕಿದವು. ಹೆಚ್ಚು ಉಲ್ಲೇಖಗೊಂಡ ಪತ್ರಿಕೆಗಳನ್ನು ಮೊದಲು ಕೊಳ್ಳುವುದು ಯುಕ್ತವೆಂದು ಅವರು ಸೂಚಿಸಿದರು. ವರ್ಷದ ಗ್ರಾಂಟು ಎಷ್ಟೆಂದು ನೋಡಿಕೊಂಡು ಪುಸ್ತಕ ತರಿಸಬೇಕಾದ ಸರ್ಕಾರಿ ಕಾಲೇಜಿನಲ್ಲಿ ಓದುವವರಿಗೆ ಈ ಪ್ರಶ್ನೆಯ ಬಿಸಿ ತಿಳಿಯದೆ ಇರದು.

೧೯೩೪ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಗ್ರಂಥಪಾಲರಾದ ಎಸ್. ಸಿ. ಬ್ರಾಡ್‌ಫರ್ಡ್ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅನ್ವಯಿಕ ಭೂಭೌತಶಾಸ್ತ್ರಕ್ಕೆ ಸಂಬಂಧಪಟ್ಟ ೧,೩೩೨ ಲೇಖನಗಳು ೩೨೬ ಪತ್ರಿಕೆಗಳಲ್ಲಿ ಹರಡಿಕೊಂಡಿದ್ದುದನ್ನು ಅವರು ಪರಿಶೀಲಿಸಿದರು. ಮೊದಲ ೯ ಪತ್ರಿಕೆಗಳಲ್ಲಿಯೇ ೪೨೯ ಲೇಖನಗಳಿದ್ದವು. ಮುಂದಿನ ೪೯೯ ಲೇಖನಗಳಿಗೆ ೫೯ ಪತ್ರಿಕೆಗಳು ಬೇಕಾದವು. ಕೊನೆಯ ೪೦೪ ಲೇಖನಗಳಿಗಾದರೋ ೨೫೮ ಪತ್ರಿಕೆಗಳನ್ನು ತಡಕಬೇಕಾಯಿತು. ರಾಶಿಯ ನಡುವೆ ಕಾಳು ದಟ್ಟವಾಗಿದ್ದು, ಅಂಚಿಗೆ ಹೋದಂತೆ ಚೆದರಿರುವ ಹಾಗೆ ಇದು. ಕೆಲವನ್ನು ಕೊಂಡರೆ ಬಹಳ ಸಿಗುತ್ತದೆ. ಎಲ್ಲವನ್ನೂ ಪಡೆಯುವೆನೆಂದರೆ ಕೊನೆಯಿಲ್ಲ.

ಈ ವಿದ್ಯೆಯ ಬೆಳವಣಿಗೆಯಲ್ಲಿ ಭಾರತೀಯರ ಪಾಲೂ ಉಂಟು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು ೧೯೪೮ರಲ್ಲಿ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ, ಗ್ರಂಥಾಲಯದ ಕೆಲಸಕ್ಕೂ ಸಂಖ್ಯಾಶಾಸ್ತ್ರವನ್ನು ಅನ್ವಯಿಸಬೇಕೆಂದು ಹೇಳಿ, ಅದಕ್ಕೆ 'ಲೈಬ್ರಾಮೆಟ್ರಿ' ಎಂದು ನಾಮಕರಣ ಮಾಡಿದರು. ಮುಂದೆ ೧೯೬೨ರಲ್ಲಿ ಬೆಂಗಳೂರಿನಲ್ಲಿ ದಾಖಲೆ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಅವರ ನೇತೃತ್ವದಲ್ಲಿಯೇ ಸ್ಥಾಪಿತವಾಯಿತು. 'ಬಿಬ್ಲಿಯೊಮೆಟ್ರಿಕ್ಸ್' ಎಂದು ಇಂದು ರೂಢಿಯಲ್ಲಿರುವ ಹೆಸರನ್ನು ೧೯೬೯ರಲ್ಲಿ ಬಳಕೆಗೆ ತಂದವರು ಅಲನ್ ಪ್ರಿಚರ್ಡ್.

ಕಿರ್ದಿಯಿಂದ ಖಾತೆಗೆ

ಈ ಶಾಸ್ತ್ರಕ್ಕೆ ದೊಡ್ಡ ತಿರುವನ್ನು ಕೊಟ್ಟವರು ಯೂಜೀನ್ ಗಾರ್ಫೀಲ್ಡ್ (೧೯೨೫–೨೦೧೭). ಅವರು ಮಾಡಿದ್ದೇನೆಂಬುದನ್ನು ಅಂಗಡಿಯ ಲೆಕ್ಕದ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಅಂಗಡಿಯವನು ಕಿರ್ದಿಯಲ್ಲಿ ದಿನದಿನದ ವ್ಯವಹಾರವನ್ನು ನಡೆದ ಹಾಗೆ ಬರೆಯುತ್ತಾನೆ. ಅದರಲ್ಲಿ ಇಂದು ಯಾರಾರಿಂದ ತಂದೆನೆಂಬುದು ತಿಳಿಯುತ್ತದೆ. ಆದರೆ ಒಬ್ಬ ಆಸಾಮಿಯ ಕಡೆಯಿಂದ ವರ್ಷದುದ್ದಕ್ಕೂ ಏನೇನು ಬಂತೆಂದು ತಿಳಿಯಬೇಕಾದರೆ ಕಿರ್ದಿಯನ್ನೆಲ್ಲ ಒಡೆದು, ಆಸಾಮಿವಾರು ಖಾತೆಗೆ ಏರಿಸಬೇಕು. ಸಂಶೋಧನ ಲೇಖನದ ಕೊನೆಯಲ್ಲಿರುವ ಗ್ರಂಥಋಣವು ಕಿರ್ದಿಯಿದ್ದಂತೆ. ಅದು ಹಿಂದಕ್ಕೆ ನೋಡುತ್ತದೆ. ಸಾವಿರಾರು ಲೇಖನಗಳ ಗ್ರಂಥಋಣವನ್ನು ಒಡೆದು, ಉಲ್ಲೇಖಗೊಂಡ ಕೃತಿಯ ಹೆಸರಿನ ಕೆಳಗೆ ಅದನ್ನು ಉಲ್ಲೇಖಿಸಿದವರನ್ನೆಲ್ಲ ಬರೆದರೆ ಅದು ಖಾತೆಯಾಗುತ್ತದೆ. ಅದು ಮುಂದಕ್ಕೆ ನೋಡುತ್ತದೆ. ಹಳೆಯ ಲೇಖನವೊಂದನ್ನು ಹಿಡಿದು, ಮುಂದೆ ಅದನ್ನು ಯಾರು ಬೆಳೆಸಿದರು, ಯಾರು ಖಂಡಿಸಿದರು ಎಂದು ಕಂಡುಹಿಡಿಯಬಹುದು.

ಇಂತಹ ಖಾತೆಯು ವಕೀಲರಲ್ಲಿ ಆಗಲೇ ಇತ್ತು. ಫ್ರಾಂಕ್ ಶೆಪರ್ಡ್ ಎಂಬವರು ೧೮೭೩ರಿಂದ ಅಮೆರಿಕದ ನ್ಯಾಯಾಲಯಗಳ ತೀರ್ಪುಗಳಿಗೆ ಇಂತಹ ಸೂಚಿಯನ್ನು ಹೊರಡಿಸುತ್ತಿದ್ದರು. ಹಿಂದಿನ ತೀರ್ಪೊಂದು ಇನ್ನೂ ಊರ್ಜಿತವಾಗಿದೆಯೋ, ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿದೆಯೋ ಎಂದು ವಕೀಲನಿಗೆ ತಿಳಿಯಲೇಬೇಕಷ್ಟೆ. ಇದೇ ಮಾದರಿಯನ್ನು ವಿಜ್ಞಾನಕ್ಕೂ ತರಬೇಕೆಂದು ಗಾರ್ಫೀಲ್ಡ್ ೧೯೫೫ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ತಪ್ಪೆಂದು ಖಂಡಿತವಾದ ಲೇಖನವನ್ನು ತಿಳಿಯದೆ ಮತ್ತೆ ಆಧಾರವಾಗಿ ಹಿಡಿಯುವ ಅನರ್ಥವನ್ನು ತಪ್ಪಿಸುವುದು ಅವರ ಮುಖ್ಯ ಆಶಯಗಳಲ್ಲೊಂದು. ೧೯೬೪ರಲ್ಲಿ ಬಳಕೆಗೆ ಬಂದ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಮೊದಲಿಗೆ ೧೯೬೧ರ ೬೧೩ ಪತ್ರಿಕೆಗಳಿಂದ ಸುಮಾರು ೧೪ ಲಕ್ಷ ಉಲ್ಲೇಖಗಳನ್ನು ಖಾತೆಗೆ ಏರಿಸಿತ್ತು. ಅದರ ಸಂತತಿಯಾದ 'ವೆಬ್ ಆಫ್ ಸೈನ್ಸ್', ೨೦೦೪ರಲ್ಲಿ ಬಂದ 'ಸ್ಕೋಪಸ್' ಮತ್ತು 'ಗೂಗಲ್ ಸ್ಕಾಲರ್' ಇಂದು ಅದೇ ಕೆಲಸವನ್ನು ಗಣಕಯಂತ್ರದಿಂದ ಕ್ಷಣಮಾತ್ರದಲ್ಲಿ ಮಾಡುತ್ತವೆ.

ಲೇಖನಗಳ ನಂಟು

ಖಾತೆಯೊಂದು ಸಿದ್ಧವಾದ ಮೇಲೆ ಲೇಖನ ಲೇಖನಗಳ ನಡುವಣ ನಂಟನ್ನೂ ಅಳೆಯಬಹುದು. ಇದಕ್ಕೆ ಎರಡು ಕ್ರಮಗಳಿವೆ. ಎರಡು ಮನೆಯವರು ಒಂದೇ ಬಾವಿಯಿಂದ ನೀರು ಸೇದುವರೆಂದರೆ ಅವರು ಒಂದೇ ಕೇರಿಯವರಿರಬೇಕೆಂದು ಊಹಿಸುತ್ತೇವೆ. ಹಾಗೆಯೇ ಎರಡು ಲೇಖನಗಳು ಹಿಂದಿನ ಅವೇ ಕೃತಿಗಳನ್ನು ಉಲ್ಲೇಖಿಸಿದ್ದರೆ ಅವುಗಳ ವಿಷಯ ಹತ್ತಿರವಾದುದು. ಸಮಾನವಾದ ಉಲ್ಲೇಖಗಳು ಹೆಚ್ಚಿದಷ್ಟೂ ನಂಟು ಗಟ್ಟಿ. ೧೯೬೩ರಲ್ಲಿ ಎಂ. ಎಂ. ಕೆಸ್ಲರ್ ಅವರು ವಿವರಿಸಿದ ಈ ಕ್ರಮವನ್ನು ಗ್ರಂಥಋಣದ ಜೋಡಣೆ ಎನ್ನಬಹುದು. ಲೇಖನಗಳೆರಡೂ ಅಚ್ಚಾದ ದಿನವೇ ಈ ನಂಟು ನಿರ್ಧಾರವಾಗಿ, ಎಂದಿಗೂ ಬದಲಾಗುವುದಿಲ್ಲ.

ಎರಡನೆಯ ಕ್ರಮವು ಇದಕ್ಕೆ ತಿರುವುಮುರುವು. ಇಬ್ಬರು ಹಿರಿಯರ ಹೆಸರುಗಳನ್ನು ಊರವರು ಸದಾ ಜೊತೆಯಲ್ಲಿಯೇ ಹೇಳುತ್ತಿದ್ದರೆ, ಅವರಿಬ್ಬರು ಒಬ್ಬರನ್ನೊಬ್ಬರು ನೋಡಿಲ್ಲದಿದ್ದರೂ ಜನರ ಮನಸ್ಸಿನಲ್ಲಿ ಜೋಡಿಯಾಗುತ್ತಾರೆ. ಎರಡು ಹಳೆಯ ಲೇಖನಗಳನ್ನು ಮುಂದಿನವರು ಎಷ್ಟು ಸಲ ಜೊತೆಯಾಗಿ ಉಲ್ಲೇಖಿಸುವರೆಂಬುದೇ ಇಲ್ಲಿನ ಅಳತೆ. ಇದಕ್ಕೆ ಸಹೋಲ್ಲೇಖವೆನ್ನಬಹುದು. ೧೯೭೩ರಲ್ಲಿ ಅಮೆರಿಕದ ಹೆನ್ರಿ ಸ್ಮಾಲ್ ಮತ್ತು ಸೋವಿಯತ್ ದೇಶದ ಇರಿನಾ ಮಾರ್ಶಕೋವಾ ಅವರು ಬೇರೆ ಬೇರೆಯಾಗಿಯೇ ಇದನ್ನು ಕಂಡುಕೊಂಡರು. ಈ ನಂಟು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ಸೊರಗುತ್ತದೆ. ಆದುದರಿಂದ ಶಾಸ್ತ್ರವೊಂದರ ಒಳಗೆ ಹೊಸ ಶಾಖೆಯೊಂದು ಚಿಗುರುವುದನ್ನು ಇದರಿಂದ ಗುರುತಿಸಲು ಸಾಧ್ಯವಾಯಿತು.

ಹುಡುಕುವ ದೀಪವು ತೂಗುವ ತಕ್ಕಡಿಯಾದುದು

ಇಲ್ಲಿಯವರೆಗಿನದೆಲ್ಲ ಹುಡುಕುವುದಕ್ಕಾಗಿ ಹುಟ್ಟಿದ ಉಪಾಯಗಳು. ಬರಬರುತ್ತ ಅದೇ ಲೆಕ್ಕದಿಂದ ಪತ್ರಿಕೆಗಳನ್ನೂ ಮನುಷ್ಯರನ್ನೂ ತೂಗುವ ರೂಢಿ ಬಂದಿತು.

ಪತ್ರಿಕೆಗೆ ಹಚ್ಚುವ ಅಳತೆಯೇ 'ಇಂಪ್ಯಾಕ್ಟ್ ಫ್ಯಾಕ್ಟರ್'. ಪತ್ರಿಕೆಯೊಂದು ೨೦೨೨ ಮತ್ತು ೨೦೨೩ರಲ್ಲಿ ಒಟ್ಟು ೨೦೦ ಲೇಖನಗಳನ್ನು ಪ್ರಕಟಿಸಿತೆಂದೂ, ಅವಕ್ಕೆ ೨೦೨೪ರಲ್ಲಿ ೫೦೦ ಉಲ್ಲೇಖಗಳು ಬಂದವೆಂದೂ ಇಟ್ಟುಕೊಳ್ಳೋಣ. ೫೦೦ನ್ನು ೨೦೦ರಿಂದ ಭಾಗಿಸಿದರೆ ೨.೫. ಇದೇ ಆ ವರ್ಷದ ಅಂಕ. ಇದು ಸರಾಸರಿಯಷ್ಟೆ. ತರಗತಿಯ ಸರಾಸರಿ ಅಂಕವನ್ನು ನೋಡಿ ಒಬ್ಬ ವಿದ್ಯಾರ್ಥಿಯನ್ನು ಉತ್ತೀರ್ಣನೆಂದು ಹೇಳಲಾಗದಂತೆ, ಪತ್ರಿಕೆಯ ಅಂಕದಿಂದ ಅದರಲ್ಲಿನ ಒಂದು ಲೇಖನದ ಗುಣವನ್ನು ಹೇಳಲಾಗದು.

ಮನುಷ್ಯನಿಗೆ ಹಚ್ಚುವ ಅಳತೆಯು 'ಎಚ್-ಇಂಡೆಕ್ಸ್'. ಇದನ್ನು ೨೦೦೫ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹಿರ್ಷ್. ಒಬ್ಬನ ಏಳು ಲೇಖನಗಳಿಗೆ ಕ್ರಮವಾಗಿ ೨೦, ೧೨, ೬, ೪, ೩, ೧, ೦ ಉಲ್ಲೇಖಗಳಿವೆಯೆನ್ನಿ. ನಾಲ್ಕನೆಯ ಲೇಖನಕ್ಕೆ ನಾಲ್ಕು ಉಲ್ಲೇಖಗಳಿವೆ, ಐದನೆಯದಕ್ಕೆ ಐದಿಲ್ಲ. ಆದುದರಿಂದ ಅವನ ಅಂಕ ೪. ಇನ್ನೊಬ್ಬನ ಐದು ಲೇಖನಗಳಿಗೆ ೩೦೦, ೪, ೩, ೧, ೦ ಉಲ್ಲೇಖಗಳಿದ್ದರೆ ಅವನ ಅಂಕ ೩ ಮಾತ್ರ! ಮುನ್ನೂರು ಜನ ನೆನೆದ ಕೃತಿಯನ್ನು ಬರೆದವನು ಈ ತಕ್ಕಡಿಯಲ್ಲಿ ಹಗುರಾದನು.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ಉಲ್ಲೇಖವೆಲ್ಲ ಮನ್ನಣೆಯೂ ಅಲ್ಲ. ತಪ್ಪನ್ನು ಎತ್ತಿ ತೋರಿಸುವುದಕ್ಕಾಗಿ ಹೆಸರೆತ್ತಿದರೂ ಒಂದು ಎಣಿಕೆಯೇ. ತನ್ನನ್ನು ತಾನೇ ಹೆಸರಿಸಿಕೊಂಡರೂ ಒಂದು ಎಣಿಕೆಯೇ. ಅತ್ಯಂತ ಹೆಚ್ಚು ಉಲ್ಲೇಖಗೊಂಡ ವಿಜ್ಞಾನ ಲೇಖನವೆಂದು ಹೆಸರಾದುದು ಲೌರಿ ಮತ್ತು ಸಂಗಡಿಗರು ೧೯೫೧ರಲ್ಲಿ ಬರೆದುದು; ೨೦೧೪ರ ವೇಳೆಗೆ ಅದಕ್ಕೆ ೩ ಲಕ್ಷಕ್ಕೂ ಮಿಕ್ಕ ಉಲ್ಲೇಖಗಳಿದ್ದವು. ಅದು ಪ್ರೋಟೀನಿನ ಪ್ರಮಾಣವನ್ನು ಅಳೆಯುವ ಒಂದು ವಿಧಾನ. ಉಪಯುಕ್ತವೇನೋ ಹೌದು, ಆದರೆ ಡಾರ್ವಿನ್ನನಿಗಿಂತ, ಐನ್‌ಸ್ಟೈನರಿಗಿಂತ ಲೌರಿಯವರು ದೊಡ್ಡವರೆಂದು ಯಾರೂ ಹೇಳರು. ಇತ್ತ ಮೆಂಡಲನು ೧೮೬೬ರಲ್ಲಿ ಪ್ರಕಟಿಸಿದ ಬಟಾಣಿ ಗಿಡದ ಪ್ರಯೋಗಗಳ ಮಹತ್ತ್ವ ಲೋಕಕ್ಕೆ ತಿಳಿದುದು ೧೯೦೦ರಲ್ಲಿ, ಅವನು ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ. ಎರಡು ವರ್ಷಗಳ ಗಡುವನ್ನಿಟ್ಟು ಎಣಿಸುವ ಲೆಕ್ಕಕ್ಕೆ ಮೆಂಡಲನು ಸೊನ್ನೆಯೇ ಸರಿ.

ಹೆಸರಿಗೆ ಬಂದವರು, ಬಾರದವರು

ಈಗ ಮೊದಲಿನ ಮಾತಿಗೆ ಬರೋಣ. ಒಂದು ಕೃತಿಯ ಕರ್ತೃ ಯಾರು? ಸೋಮನಾಥಪುರದ ಗುಡಿಯಲ್ಲಿ ರೂವಾರಿ ಮಲ್ಲಿತಮ್ಮನು ತಾನು ಕಡೆದ ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕೊರೆದನು. ಆದುದರಿಂದ ಅವನ ಕೆಲಸ ಯಾವುದೆಂದು ನಾವು ಇಂದು ಬಲ್ಲೆವು. ಹೆಸರು ಕೊರೆಯದವರ ಕೈಚಳಕ ಕಲ್ಲಿನಲ್ಲಿದ್ದರೂ ಲೆಕ್ಕದಲ್ಲಿಲ್ಲ. ವಿಜ್ಞಾನದಲ್ಲಿಯೂ ಹೀಗೆಯೇ. ೧೯೨೮ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬೆಳಕಿನ ಹೊಸ ವಿದ್ಯಮಾನವನ್ನು ಸಾರಿದ ಪತ್ರಕ್ಕೆ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಇಬ್ಬರ ಸಹಿಯಿತ್ತು; ಆ ಪರಿಣಾಮಕ್ಕೆ ಲೋಕದಲ್ಲಿ ನಿಂತ ಹೆಸರು ಒಂದು. ೨೦೧೫ರಲ್ಲಿ ಹಿಗ್ಸ್ ಕಣದ ತೂಕವನ್ನು ತಿಳಿಸಿದ ಲೇಖನವೊಂದಕ್ಕಾದರೋ ೫,೧೫೪ ಕರ್ತೃಗಳು! ೩೩ ಪುಟಗಳ ಲೇಖನದಲ್ಲಿ ೨೪ ಪುಟಗಳು ಅವರ ಹೆಸರು ಮತ್ತು ಸಂಸ್ಥೆಗಳಿಗೇ ಸಂದವು.

೧೯೬೮ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರು, ಹೆಸರಾದವರಿಗೆ ಮತ್ತಷ್ಟು ಹೆಸರು ಸೇರಿ, ಹೆಸರಿಲ್ಲದವರ ಪಾಲು ಅಳಿಯುವುದನ್ನು ವಿವರಿಸಿ, ಬೈಬಲ್ಲಿನ ಮತ್ತಾಯನ ಸುವಾರ್ತೆಯನ್ನು ನೆನೆದು 'ಮ್ಯಾಥ್ಯೂ ಪರಿಣಾಮ'ವೆಂದು ಕರೆದರು. ವಿಚಿತ್ರವೇನೆಂದರೆ ಆ ಲೇಖನಕ್ಕೆ ಆಧಾರವಾದ ಸಂದರ್ಶನಗಳನ್ನು ನಡೆಸಿದವರು ಹ್ಯಾರಿಯೆಟ್ ಝುಕರ್‌ಮನ್. ಲೇಖನದ ಮೇಲೆ ಇದ್ದುದು ಮರ್ಟನ್ ಒಬ್ಬರ ಹೆಸರು. ಅದು ಇಬ್ಬರ ಹೆಸರಿನಲ್ಲಿ ಬರಬೇಕಾಗಿತ್ತೆಂದು ಮರ್ಟನ್ ಅವರೇ ಮುಂದೆ ಬರೆದರು. ರೋಗವನ್ನು ಕಂಡುಹಿಡಿದ ಪತ್ರದಲ್ಲಿಯೇ ರೋಗದ ಲಕ್ಷಣವೂ ಇದ್ದಂತಾಯಿತು. ಸ್ತ್ರೀ ವಿಜ್ಞಾನಿಗಳ ಕೆಲಸ ಪುರುಷರ ಹೆಸರಿಗೆ ಸಲ್ಲುವುದನ್ನು ಮಾರ್ಗರೆಟ್ ರಾಸಿಟರ್ ಅವರು ೧೯೯೩ರಲ್ಲಿ 'ಮಟಿಲ್ಡಾ ಪರಿಣಾಮ'ವೆಂದು ಹೆಸರಿಸಿದರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗನು. ನನ್ನ ಅಜ್ಜಿಗೆ ಅಕ್ಷರ ಬಾರದು. ಬೀಸುವ ಪದ, ಸೋಬಾನೆ ಪದಗಳು ರಾತ್ರಿಯೆಲ್ಲ ಹೇಳಿದರೂ ಮುಗಿಯದಷ್ಟು ಬರುತ್ತವೆ. ಹಿಂದೊಮ್ಮೆ ಯಾರೋ ಬಂದು ಎರಡು ದಿನ ಕುಳಿತು ಬರೆದುಕೊಂಡು ಹೋದರಂತೆ. ಆ ಪದಗಳು ಅಚ್ಚಾದವೋ ಇಲ್ಲವೋ, ಆಗಿದ್ದರೆ ಹೇಳಿದವಳ ಹೆಸರು ಅದರಲ್ಲಿ ಇದೆಯೋ ಇಲ್ಲವೋ, ಮನೆಯವರಿಗೆ ಯಾರೂ ತಿಳಿಸಲಿಲ್ಲ. ಬರೆದುಕೊಂಡವರಿಗೆ ಎಚ್-ಇಂಡೆಕ್ಸ್ ಇರಬಹುದು, ಹಾಡಿದವಳಿಗೆ ಇಲ್ಲ. ಜನಪದ ಸಾಹಿತ್ಯದ ಸಂಗ್ರಹಗಳಲ್ಲಿ ಹಾಡಿದವರ ಹೆಸರು, ಊರುಗಳನ್ನು ಶ್ರದ್ಧೆಯಿಂದ ಕೊಟ್ಟವರಿದ್ದಾರೆ. ಕೊಡದಿದ್ದಲ್ಲಿ ಯಾವ ಗಣಕಯಂತ್ರವೂ ಆ ಋಣವನ್ನು ಕಂಡುಹಿಡಿಯಲಾರದು.

ಇದೇ ಬಗೆಯ ಕೊರತೆಯು ನಮ್ಮ ಭಾಷೆಗೂ ತಟ್ಟಿದೆ. ಈ ದೊಡ್ಡ ಖಾತೆಗಳು ಬಹುಮಟ್ಟಿಗೆ ಇಂಗ್ಲಿಷ್ ಪತ್ರಿಕೆಗಳ ಮೇಲೆ ನಿಂತಿವೆ. ಕನ್ನಡದ ವಿದ್ವತ್ತಾದರೋ ಹೆಚ್ಚಾಗಿ ಗ್ರಂಥಗಳಲ್ಲಿದೆ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳನ್ನೂ, ೧೯೬೬ರಲ್ಲಿ ಪ್ರಕಟವಾದ ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ವನ್ನೂ ಆಧರಿಸಿ ಬರೆದವರು ಎಷ್ಟು ಮಂದಿ! ಆ ಅಡಿಟಿಪ್ಪಣಿಗಳನ್ನು ಖಾತೆಗೆ ಏರಿಸಿದವರಿಲ್ಲ. ಲೆಕ್ಕದಲ್ಲಿ ಇಲ್ಲವೆಂದ ಮಾತ್ರಕ್ಕೆ ಲೋಕದಲ್ಲಿ ಇಲ್ಲವೆಂದು ತಿಳಿಯುವುದು ಅವಿವೇಕ.

ಉಪಸಂಹಾರ

ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೦ರಲ್ಲಿ ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಅಂಕಪದ್ಧತಿಯನ್ನು ತಂದಾಗ ಪ್ರಕಟಣೆಗಳೂ ಅಂಕಗಳಾದವು. ಅಳತೆಯೇ ಗುರಿಯಾದರೆ ಅಳತೆ ಕೆಡುತ್ತದೆಂಬುದು ಎಲ್ಲೆಡೆಯ ಅನುಭವ. ಒಂದೇ ಸಂಶೋಧನೆಯನ್ನು ತುಂಡುಮಾಡಿ ಹಲವು ಲೇಖನಗಳನ್ನಾಗಿಸುವುದು, ಸ್ನೇಹಿತರು ಪರಸ್ಪರ ಉಲ್ಲೇಖಿಸಿಕೊಳ್ಳುವುದು, ಹಣ ತೆತ್ತರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ತಲೆಯೆತ್ತುವುದು ಇದರ ಫಲಗಳು. ಇದನ್ನು ಕಂಡೇ ೨೦೧೨ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯು, ಪತ್ರಿಕೆಯ ಅಂಕದಿಂದ ವ್ಯಕ್ತಿಯನ್ನು ಅಳೆಯಬೇಡಿರೆಂದು ಸಾರಿತು. ೨೦೧೫ರ ಲೈಡನ್ ಪ್ರಣಾಳಿಕೆಯು, ಸಂಖ್ಯೆಯು ಬಲ್ಲವರ ವಿವೇಚನೆಗೆ ಆಸರೆಯಾಗಬೇಕೇ ಹೊರತು ಅದರ ಸ್ಥಾನವನ್ನು ಕಸಿಯಬಾರದೆಂದಿತು. ದೇಶಭಾಷೆಗಳಲ್ಲಿ ನಡೆವ ಉತ್ತಮ ಸಂಶೋಧನೆಯನ್ನು ಕಾಪಾಡಬೇಕೆಂದೂ ಹೇಳಿತು.

ಹಾಗಾದರೆ ವಿದ್ವತ್ತಿಗೆ ಅಳತೆಗೋಲುಂಟೆ? ಕೃತಿಯೊಂದು ಎಷ್ಟು ಬಳಕೆಯಾಯಿತೆಂಬುದಕ್ಕೆ ಅಳತೆಯುಂಟು. ಅದು ಎಷ್ಟು ಸತ್ಯ, ಎಷ್ಟು ಆಳವೆಂಬುದಕ್ಕೆ ಓದಿ ನೋಡುವುದಲ್ಲದೆ ಬೇರೆ ಅಳತೆಯಿಲ್ಲ. ಎಣಿಕೆಯನ್ನು ಹುಡುಕುವ ದೀಪವಾಗಿ ಬಳಸಿದರೆ ಅದರಷ್ಟು ಉಪಕಾರಿ ಬೇರೊಂದಿಲ್ಲ. ಆದರೆ ಆ ದೀಪದ ಎಣ್ಣೆಯು ಬರೆಯುವವನ ಪ್ರಾಮಾಣಿಕತೆಯೇ. ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆಯು ಅಡಿಟಿಪ್ಪಣಿಗೂ ಸಲ್ಲುತ್ತದೆ. ನಾವು ವಿದ್ಯಾರ್ಥಿಗಳು ಬರೆಯುವ ಪ್ರಬಂಧ ಚಿಕ್ಕದೇ ಇರಬಹುದು. ಅದರಲ್ಲಿ ಯಾವ ಗ್ರಂಥದಿಂದ ಎತ್ತಿಕೊಂಡೆವು, ಯಾರ ಬಾಯಿಂದ ಕೇಳಿದೆವು, ಯಾವ ಗೆಳೆಯನು ನೆರವಾದನು ಎಂಬುದನ್ನು ಹೆಸರು ಹಿಡಿದು ಬರೆಯುವ ಅಭ್ಯಾಸವನ್ನು ಇಂದಿನಿಂದಲೇ ಬೆಳೆಸಿಕೊಳ್ಳೋಣ. ಸರಿಯಾದ ಲೆಕ್ಕಕ್ಕೆ ಮೊದಲು ಸರಿಯಾದ ಕಿರ್ದಿ ಬೇಕು. ಆ ಕಿರ್ದಿಯನ್ನು ಬರೆಯುವ ಲೇಖನಿಯು ನಮ್ಮ ಕೈಯಲ್ಲಿಯೇ ಇದೆ.